ಎದುರುಬದುರು ಬೆಂಚು

೧೨-೨-೨೦೦೧, ಸೋಮವಾರ

ಈ ಡೈರಿ ಹಲ್ಲಿನ ಪೇಸ್ಟು ಮಾರುವ ಕಂಪನಿಯವರು ಸ್ವಪ್ನಳಿಗೆ ಕೊಟ್ಟದ್ದು. ಯಾವ ದಿನ ಯಾವ ಗಂಟೆಗೆ ಯಾರು ಹಲ್ಲು ತೋರಿಸಲು ಬರುತ್ತಾರೆಂದು ಬರೆದಿಡಲು ಒಳಗೆಲ್ಲ ಗೆರೆ ಎಳೆದಿದ್ದಾರೆ. ಮೊಳಕಾಲ್ಮೂರಿಗೆ ಬಂದು ಕ್ಲಿನಿಕ್ಕಿನ ಬಾಗಿಲು ತೆರೆದಾಗಿನಿಂದ ಅದರಲ್ಲಿ ಬರೆಯುವಂಥದ್ದು ಏನೂ ಒದಗಿಲ್ಲ. ನಿನ್ನೆ ಮಗಳು ಅದನ್ನು ನನ್ನ ಮಡಿಲಿಗೆ ಹಾಕಿ, "ನೀನಾದ್ರೂ ಏನಾರ ಬರಿ ಅವ್ವ. ಖಾಲಿ ಹಾಳೆ ನೋಡಾಕಾಗಲ್ಲ ನನಗೆ" ಅಂದಳು.

ನಾನು ದೊಡ್ಡಉಳ್ಳಾರ್ತಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಆಮೇಲೆ ಬರೆದದ್ದು ರಾಮನಾಮ ಮಾತ್ರ. ಯಾಕೆ ಇಲ್ಲಿಗೆ ಬಂದೆವು ಎಂಬುದನ್ನೇ ಮೊದಲು ಬರೆಯುತ್ತೇನೆ.

ಸ್ವಪ್ನ ಹಲ್ಲಿನ ಡಾಕ್ಟರ ಓದಿಗೆ ಸೇರಿದಾಗ ಚಳ್ಳಕೆರೆಗೆಲ್ಲ ಒಬ್ಬರೇ ಹಲ್ಲಿನ ಡಾಕ್ಟರು. ಅವಳು ಓದಿ ಮುಗಿಸುವಷ್ಟರಲ್ಲಿ ನಮ್ಮ ನೆಹರು ಸರ್ಕಲ್ಲಿನ ಸುತ್ತಲೇ ನಾಲ್ಕು ಬೋರ್ಡು ಬಂದಿದ್ದವು. ದಾವಣಗೆರೆ ಕಡೆ, ಬಳ್ಳಾರಿ ಕಡೆ, ತುಮಕೂರು ಕಡೆ, ಎಲ್ಲಿ ನೋಡಿದರೂ ಹೊಸ ಹಲ್ಲಿನ ಕಾಲೇಜು. ಹಾಗಾಗಿ ಮೊಳಕಾಲ್ಮೂರಿನಲ್ಲಿ ಯಾರೂ ಇಲ್ಲವೆಂದು ಕೇಳಿ ಇಲ್ಲಿ ಮನೆ ಹಿಡಿದೆವು. ಮುಂದಿನ ಕೋಣೆ ಕ್ಲಿನಿಕ್ಕು, ಹಿಂದಿನದು ಅಡುಗೆ, ಮಲಗುವುದು ಎಲ್ಲ. ಮದುವೆಯಾಗದ ಹುಡುಗಿ ಒಬ್ಬಳೇ ಇರಲಾಗದು ಎಂದು ನಾನು ಜೊತೆಗೆ ಬಂದೆ. ನಮ್ಮ ಯಜಮಾನರು ಎಣ್ಣೆ ಮಿಲ್ಲಿನ ರೈಟರ್ ಕೆಲಸ ಬಿಟ್ಟು ಬರುವಂತಿಲ್ಲ. ಚಳ್ಳಕೆರೆಯಲ್ಲೇ ಉಳಿದಿದ್ದಾರೆ. ಅನ್ನ ಮಾಡಿಕೊಳ್ಳಲು ಬರುತ್ತದೆ, ಸಾರಿಗೆ ಉಪ್ಪು ಹಾಕುವುದು ಮರೆಯುತ್ತಾರೆ.

ಮಗಳು ಕಣ್ಣೆದುರು ಇದ್ದಾಳೆ. ಅಷ್ಟು ವರ್ಷ ಹಾಸ್ಟೆಲಿನಲ್ಲಿ ಬಿಟ್ಟಿದ್ದಕ್ಕೆ ದೇವರು ಈಗ ಕೊಟ್ಟ.

೨೩-೨-೨೦೦೧, ಶುಕ್ರವಾರ

ಬೆಳಗ್ಗೆ ಒಬ್ಬಾತ ಒಳಗೆ ಬಂದ. ಸ್ವಪ್ನ ಎದ್ದು ಬಿಳಿ ಕೋಟು ಹಾಕಿಕೊಂಡಳು. ಅವನು ಕೇಳಿದ್ದು ಜ್ವರದ ಮಾತ್ರೆ. ಇದು ಹಲ್ಲಿನ ಆಸ್ಪತ್ರೆ ಅಂದರೆ, "ಹಲ್ಲಿಗೇ ಒಬ್ರು ಡಾಕ್ಟ್ರಾ? ಹಂಗಾದ್ರೆ ಮೂಗಿಗೆ ಯಾರು?" ಎಂದು ನಕ್ಕುಕೊಂಡು ಹೋದ.

ಇಲ್ಲಿಯವರಿಗೆ ಹಲ್ಲು ನೋವು ಬರುವುದಿಲ್ಲ ಎಂದಲ್ಲ. ಬಂದರೆ ಲವಂಗ ಇಟ್ಟುಕೊಳ್ಳುತ್ತಾರೆ, ಹೊಗೆಸೊಪ್ಪು ಒತ್ತಿಕೊಳ್ಳುತ್ತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎನ್ನುತ್ತಾರೆ. ನಾನೂ ಹಾಗೆಂದೇ ನಂಬಿದ್ದೆ, ಸ್ವಪ್ನ ಓದಿದ ಮೇಲೆ ಬಿಟ್ಟೆ. ನಮ್ಮಪ್ಪ ಕುರಿ ಕೊಳ್ಳುವಾಗ ಅದರ ದವಡೆ ಅಗಲಿಸಿ ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ನೋಡಿ ವಯಸ್ಸು ಹೇಳುತ್ತಿದ್ದ. ಕುರಿಯಾದರೆ ಬಾಯಿ ತೆರೆಯುತ್ತದೆ. ಜನ ತೆರೆಯರು.

ಸಂಜೆ ದೀಪ ಹಚ್ಚಿ ಗೌರಸಮುದ್ರದ ತಾಯಿಯ ಪಟದ ಮುಂದೆ ಕೂತೆ. ಪ್ರತಿ ಶುಕ್ರವಾರ ಹೇಳುವಂತೆ "ಊರಿಗೆಲ್ಲ ರೋಗರುಜಿನ ತಪ್ಪಿಸು ತಾಯಿ" ಎನ್ನಲು ಹೋದವಳು ಅಲ್ಲೇ ತಡೆದುಕೊಂಡೆ. ರೋಗವೇ ಬೇಡವೆಂದರೆ ನನ್ನ ಮಗಳ ಬಾಗಿಲಿಗೆ ಯಾರು ಬರಬೇಕು? ಹಾಗೆಂದು ಜನಕ್ಕೆ ಹಲ್ಲು ನೋವು ಕೊಡು ಎಂದು ಆಕೆಯನ್ನು ಕೇಳಲಾದೀತೇ? ಏನನ್ನೂ ಕೇಳದೆ ಕೈಮುಗಿದು ಎದ್ದೆ. ಇಷ್ಟು ವರ್ಷದಲ್ಲಿ ದೇವರ ಮುಂದೆ ಮಾತಿಲ್ಲದೆ ಎದ್ದದ್ದು ಇದೇ ಮೊದಲು.

೨೭-೩-೨೦೦೧, ಮಂಗಳವಾರ

ನಿನ್ನೆ ಯುಗಾದಿ. ಇವತ್ತು ಬಾಗಿಲಿಗೆ ನೀರು ಹಾಕಲು ಹೋದಾಗ ಎದುರು ಮನೆಗೆ ಏಣಿ ಹಾಕಿದ್ದರು. ಬೋರ್ಡು ಮೇಲೇರುವವರೆಗೆ ನೋಡುತ್ತ ನಿಂತೆ. ದೊಡ್ಡದೊಂದು ಹಲ್ಲಿನ ಚಿತ್ರ, ಅದರ ಕೆಳಗೆ ಡಾ. ಬಾಲರಾಜ್, ದಂತ ವೈದ್ಯರು.

ನಮ್ಮ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಒಂದು ಬಸ್ಸು ಹಾಯುವಷ್ಟು ರಸ್ತೆ. ಇಷ್ಟು ದೊಡ್ಡ ತಾಲ್ಲೂಕಿನಲ್ಲಿ ಅವನಿಗೆ ಬೇರೆ ಜಾಗ ಸಿಗಲಿಲ್ಲವೇ?

ಸ್ವಪ್ನ ಕಿಟಕಿಯಿಂದ ನೋಡಿ, "ಪಾಪ" ಅಂದಳು.

"ಯಾರು ಪಾಪ?"

"ಅವನೇ. ಇಲ್ಲಿ ಜನ ಬರ್ತಾರೆ ಅನ್ಕೊಂಡು ಬಂದವ್ನೆ."

ನನಗೆ ಪಾಪ ಅನ್ನಿಸಲಿಲ್ಲ. ಹಬ್ಬದ ಮಾರನೆಯ ದಿನ ಬಂದು ನಮ್ಮ ಅನ್ನಕ್ಕೆ ಕಲ್ಲು ಹಾಕಿದವನು ಎಂದೇ ಅನ್ನಿಸಿತು. ಈ ದಿನ ಬೈದರೆ ವರ್ಷವೆಲ್ಲ ಬೈಯುತ್ತೇವೆ ಎನ್ನುತ್ತಾರೆ. ಬಾಯಲ್ಲಿ ಬೈಯಲಿಲ್ಲ.

೩-೫-೨೦೦೧, ಗುರುವಾರ

ಎದುರಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ದಿನವೂ ಒಬ್ಬ ಹಿರಿಯರು ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿ ಕೂತಿರುತ್ತಾರೆ. ಪೇಷಂಟು ಎಂದುಕೊಂಡು ಒಂದು ವಾರ ಹೊಟ್ಟೆ ಉರಿದುಕೊಂಡಿದ್ದೆ. ಇವತ್ತು ನೋಡಿದರೆ ಆತ ಬಾಲರಾಜನ ಅಪ್ಪ.

ತಿಳಿದದ್ದು ಹೀಗೆ. ಮಧ್ಯಾಹ್ನ ನಮ್ಮ ನಲ್ಲಿಯಲ್ಲಿ ನೀರು ಬರಲಿಲ್ಲ, ಅವರದರಲ್ಲಿ ಬಂತು. ಆತ ರಸ್ತೆಯ ಆಚೆಯಿಂದಲೇ ಕೂಗಿದರು, "ಅಕ್ಕಾ, ಬಿಂದಿಗೆ ತಗೊಂಡ್ ಬಾಮ್ಮಾ. ನೀರಿಗೆ ಯಾಕೆ ಪೈಪೋಟಿ?"

ಹೋಗದೆ ಇರಲಾಗಲಿಲ್ಲ. ಹೆಸರು ರಾಮಾಂಜನೇಯಪ್ಪ. ರಾಯದುರ್ಗದ ಕಡೆಯ ಹಳ್ಳಿ, ಬಸ್ ಕಂಡಕ್ಟರ್ ಆಗಿದ್ದವರು. ಹೆಂಡತಿ ತೀರಿಹೋಗಿದ್ದಾರೆ. ಬಿಂದಿಗೆ ತುಂಬುವವರೆಗೆ ಮಾತಾಡಿದರು.

"ನಿಮ್ಮ ಕಡೆಗೆ ಈ ವಾರ ಎಷ್ಟು ಜನ ಬಂದ್ರು?"

"ಬರ್ತಾರೆ" ಅಂದೆ.

"ನಮ್ಮ ಕಡೇನೂ ಹಂಗೇ ಬರ್ತಾರೆ" ಎಂದು ನಕ್ಕರು. "ಇಷ್ಟು ವರ್ಷ ಬಸ್ಸಿನಾಗೆ 'ರೈಟ್, ರೈಟ್' ಅಂದೋನು ನಾನು. ಬಸ್ಸು ಖಾಲಿ ಇದ್ರೆ ಏನು ಮಾಡ್ತಿದ್ವಿ ಹೇಳು? ಸ್ಟ್ಯಾಂಡಿನಾಗೆ ಕ್ಲೀನರನ್ನೂ ಅವನ ಗೆಳೆಯರನ್ನೂ ಸೀಟಿನಾಗೆ ಕೂಡಿಸ್ತಿದ್ವಿ. ಜನ ಇದ್ದ ಬಸ್ಸಿಗೇ ಜನ ಹತ್ತೋದು. ಅದ್ಕೇ ನಾನು ದಿನಾ ಈ ಬೆಂಚಿನ ಮೇಲೆ ಕೂರ್ತೀನಿ."

ಬಿಂದಿಗೆ ಹೊತ್ತು ಬಂದೆ. ನಗು ಬಂದದ್ದು ಮನೆಯೊಳಗೆ ಬಂದ ಮೇಲೆ.

೧೮-೫-೨೦೦೧, ಶುಕ್ರವಾರ

ಆ ಎದುರಿನವರು ಹೇಳಿದ ಉಪಾಯ ನಾವೂ ಯಾಕೆ ಮಾಡಬಾರದು ಎಂದು ಪಕ್ಕದ ಮನೆ ಯರ್ರಮ್ಮನನ್ನು ಕೇಳಿದೆ. ಆಕೆಯ ಗಂಡ ರೇಷ್ಮೆ ಸೀರೆ ನೇಯುತ್ತಾರೆ, ಆಕೆ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾಳೆ. ಎಳೆ ಕಚ್ಚಿ ಕಚ್ಚಿ ಮುಂದಿನ ಹಲ್ಲಿನಲ್ಲಿ ಗರಗಸದಿಂದ ಕೊಯ್ದ ಹಾಗೆ ಸಣ್ಣ ಸಂದು ಬಿದ್ದಿದೆ.

"ನಿಮ್ಮನೇಲಿ ಸೆಕೆ. ರಾಟೆ ತಗೊಂಡು ನಮ್ಮ ಬೆಂಚಿನ ಮೇಲೆ ಬಂದು ಕೂತ್ಕೊ, ಫ್ಯಾನ್ ಐತೆ" ಅಂದೆ.

"ನಾ ಪಂಡ್ಲು ಬಾಗುನ್ನಾಯಿ ತಲ್ಲೀ, ನನ್ನ ಹಲ್ಲು ಚೆನ್ನಾಗವೆ" ಎಂದು ಹೆದರಿದಳು.

"ಹಲ್ಲು ಮುಟ್ಟಲ್ಲ, ಸುಮ್ಮನೆ ಕೂತ್ಕೊ ಸಾಕು."

ಬಂದಳು. ಜೊತೆಗೆ ನಾದಿನಿಯೂ ಬಂದಳು. ಇಬ್ಬರೂ ಗರಗರ ರಾಟೆ ತಿರುಗಿಸುತ್ತ, ತೆಲುಗಿನಲ್ಲಿ ಅತ್ತೆಯರನ್ನು ಬೈಯುತ್ತ ದಿನವೆಲ್ಲ ಕೂತಿದ್ದರು. ಕ್ಲಿನಿಕ್ಕು ತುಂಬಿದಂತೆ ಕಂಡಿತು. ರಾಮಾಂಜನೇಯಪ್ಪ ಎದುರಿನಿಂದ ನೋಡಿ ಎರಡು ಬೆರಳೆತ್ತಿ, ಎರಡು ಸೀಟು ಭರ್ತಿ ಎಂದು ಸನ್ನೆ ಮಾಡಿದರು. ಸ್ವಪ್ನ ಒಳಗಿನಿಂದ ಎದ್ದು ಬರಲೇ ಇಲ್ಲ.

೯-೬-೨೦೦೧, ಶನಿವಾರ

ಬರೆಯಲೇ ನಾಚಿಕೆ. ಇವತ್ತು ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ.

"ಹಲ್ಲು ನೋವು ಅಂತೀಯಲ್ಲ, ಆ ಡಾಕ್ಟ್ರಮ್ಮನತ್ರ ಹೋಗಬಾರ್ದಾ?"

"ಹೋಗಾಕೆ ಹುಚ್ಚಾ? ನಮ್ಮ ಯರ್ರಮ್ಮ ದಿನಾ ಹೋಗಿ ಕೂರ್ತಾಳೆ, ರಾಟೆ ಕೂಡ ಅಲ್ಲಿಗೇ ತಗೊಂಡ್ ಹೋಗ್ತಾಳೆ. ಇನ್ನೂ ಅವಳ ಮುಂದಿನ ಹಲ್ಲಿನ ಸಂದು ಹಂಗೇ ಐತೆ. ಇಷ್ಟು ದಿನಕ್ಕೂ ಒಂದು ಹಲ್ಲು ಸರಿಮಾಡಾಕೆ ಬರಲಿಲ್ಲ ಆ ಹುಡುಗಿಗೆ!"

ಸೊಪ್ಪಿನ ಕಟ್ಟು ಅಲ್ಲೇ ಬಿಟ್ಟು ಬಂದೆ. ನಾನು ಕೂಡಿಸಿದ ಜನವೇ ನನ್ನ ಮಗಳ ಹೆಸರು ಕೆಡಿಸಿತು. ಯರ್ರಮ್ಮನಿಗೆ ಏನು ಹೇಳಲಿ? ಅವಳು ನಾನು ಕರೆದದ್ದಕ್ಕೆ ಬಂದವಳು.

ಸ್ವಪ್ನಳಿಗೆ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಆ ನೀರು ನಿಲ್ಲಲಿಲ್ಲ.

೧೦-೬-೨೦೦೧

ಸಾಬೂನು, ಅರ್ಧ ಕೆ.ಜಿ. ಬೆಲ್ಲ, ಬತ್ತಿ. ಬೇರೆ ಏನೂ ಇಲ್ಲ.

೧೫-೭-೨೦೦೧, ಭಾನುವಾರ

ನಮ್ಮ ಯಜಮಾನರು ಬಂದಿದ್ದರು. ಅಂಗಿಯ ಕಾಲರು ಹರಿದಿತ್ತು. ಅವರ ಮೈಯಿಂದ ಗಾಣದ ಎಣ್ಣೆಯ ವಾಸನೆ ಬಂತು, ಹಿಂಡಿಯ ವಾಸನೆ. ಇಷ್ಟು ವರ್ಷ ಅದು ನನಗೆ ಬೇಸರ ಎಂದು ಒಗೆದು ಒಗೆದು ತೆಗೆಯುತ್ತಿದ್ದೆ. ಇವತ್ತು ಅಂಗಿಯನ್ನು ಒಗೆಯದೆ ಹೊಲಿದುಕೊಟ್ಟೆ.

ಊಟಕ್ಕೆ ಕೂತಾಗ ಎದುರಿನ ಬೋರ್ಡಿನ ಕಥೆ ಹೇಳಿದೆ. ಅವರು ಮುದ್ದೆ ಮುರಿಯುತ್ತ, "ಚಳ್ಳಕೆರೆಗೆ ಎಣ್ಣೆ ಮಿಲ್ಲು ಬಂದಾಗಲೂ ಹಿಂಗೇ ಅಲ್ವಾ ಲಕ್ಷ್ಮಿ. ಒಬ್ಬ ಹಾಕ್ದ, ಲಾಭ ಬಂತು, ನೋಡಿದೋರೆಲ್ಲ ಹಾಕಿದ್ರು. ಮಿಲ್ಲು ಜಾಸ್ತಿ ಆದ್ವು, ಹೊಲದಾಗೆ ಶೇಂಗಾ ಜಾಸ್ತಿ ಆಗ್ಲಿಲ್ಲ. ಈಗ ನಮ್ಮ ಮಿಲ್ಲು ವರ್ಷದಾಗೆ ನಾಲ್ಕು ತಿಂಗಳು ತಿರುಗ್ತೈತೆ" ಅಂದರು.

"ನನ್ನ ಮಗಳು ಮಿಲ್ಲಾ?" ಎಂದೆ ಸಿಟ್ಟಿನಿಂದ.

"ಮಗಳನ್ನಲ್ಲ ನಾನು ಹೇಳಿದ್ದು, ಕಾಲೇಜುಗಳನ್ನ."

ಸ್ವಪ್ನ ತಲೆ ಎತ್ತದೆ ತಿನ್ನುತ್ತಿದ್ದಳು. ಅವರನ್ನು ಬಸ್ಸು ಹತ್ತಿಸಿ ಬಂದೆ. ದಾರಿಯುದ್ದಕ್ಕೂ ಕೈಯಲ್ಲಿ ಆ ವಾಸನೆ ಇತ್ತು.

೨-೮-೨೦೦೧, ಗುರುವಾರ

ಬಟ್ಟೆ ಒಗೆಯಲು ಸಾಬೂನು ತೆಗೆದರೆ ಅದು ದವಡೆ ಹಲ್ಲಾಗಿತ್ತು. ಮೇಲೆ ನಾಲ್ಕು ಗುಡ್ಡ, ನಡುವೆ ಕಣಿವೆ, ಕೆಳಗೆ ಎರಡು ಬೇರು, ನಿಜವಾದ ಹಲ್ಲಿನ ಹಾಗೇ. ಕಪಾಟು ತೆಗೆದು ನೋಡಿದೆ. ಸೀಮೆಸುಣ್ಣದ ಕಡ್ಡಿಯೆಲ್ಲ ಸಣ್ಣ ಸಣ್ಣ ಹಲ್ಲು. ಮೇಣದ ಬತ್ತಿಯೂ ಹಲ್ಲು.

"ಇದೇನೇ ಇದು?"

"ಮೊದಲ ವರ್ಷದಾಗೆ ಹಿಂಗೆ ಕೆತ್ತಿಸ್ತಿದ್ರು ಅವ್ವ. ಕೈ ಮರೆತು ಹೋಗ್ತೈತೆ ಅಂತ ಭಯ ನನಗೆ. ಡಿಗ್ರಿ ಗೋಡೆ ಮೇಲೆ ಇರ್ತೈತೆ, ಕೈ ಮಾತ್ರ ಸುಮ್ನೆ ಕೂತ್ರೆ ಹೋಗ್ಬಿಡ್ತೈತೆ." ತನ್ನ ಬೆರಳುಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡಳು.

ಆಮೇಲೆ ಹೇಳಿದಳು. ಬಳ್ಳಾರಿ ದಾಟಿ ಆಂಧ್ರದ ಕಡೆ ಹೊಸದಾಗಿ ಒಂದು ಹಲ್ಲಿನ ಕಾಲೇಜು ತೆರೆದಿದ್ದಾರಂತೆ. ಹುಡುಗರಿಗೆ ಕೈಕೆಲಸ ಕಲಿಸುವವರು ಬೇಕಂತೆ. ಜೊತೆ ಓದಿದವಳು ಕಾಗದ ಬರೆದಿದ್ದಾಳೆ.

"ಇರೋ ಡಾಕ್ಟ್ರುಗಳಿಗೇ ಕೆಲಸ ಇಲ್ಲ. ಇನ್ನಷ್ಟು ಜನಾನ ತಯಾರು ಮಾಡಾಕೆ ನೀನು ಹೋಗ್ತೀಯಾ?"

"ಗೊತ್ತೈತೆ ಅವ್ವ. ಆದ್ರೆ ಅಲ್ಲಿ ಬಾಯಿಗಳವೆ."

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಸೆಪ್ಟೆಂಬರ್ ಮುಗಿಯುವವರೆಗೆ ಅವಳು ಹೋಗಿ ನೋಡುವುದು, ನಾನು ಇಲ್ಲೇ ಬಾಗಿಲು ತೆರೆದಿಟ್ಟುಕೊಂಡು ಇರುವುದು. ಜನ ಬರಲು ಶುರುವಾದರೆ ಅವಳು ವಾಪಸು ಬರುತ್ತಾಳೆ. ಬಾರದಿದ್ದರೆ ಅಲ್ಲೇ ಕೆಲಸಕ್ಕೆ ನಿಲ್ಲುತ್ತೇನೆಂಬ ಕಾಗದಕ್ಕೆ ಸಹಿ ಹಾಕುತ್ತಾಳೆ, ನಾನು ಚಳ್ಳಕೆರೆಗೆ ಹೋಗುವುದು.

ಪಟದ ಮುಂದೆ ಕೂತು ಹೇಳಿಯೇಬಿಟ್ಟೆ. ತಾಯಿ, ದೊಡ್ಡ ನೋವು ಬೇಡ. ಸಣ್ಣ ನೋವು, ಸ್ವಲ್ಪ ಜನಕ್ಕೆ.

೧೩-೮-೨೦೦೧, ಸೋಮವಾರ

ಹೋದಳು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಬಸ್ಸು ತಿರುಗುವಾಗ ಕಿಟಕಿಯಿಂದ ಕೈ ಬೀಸಿದ್ದು ಅವಳೋ, ಪಕ್ಕದ ಸೀಟಿನವರೋ ತಿಳಿಯಲಿಲ್ಲ. ಇರಲಿ ಎಂದು ನಾನೂ ಬೀಸಿದೆ.

೧೪-೮-೨೦೦೧

ಇಬ್ಬರಿಗೆ ಅಕ್ಕಿ ಹಾಕಿಬಿಟ್ಟೆ.

೨೪-೮-೨೦೦೧, ಶುಕ್ರವಾರ

ನಮ್ಮಲ್ಲಿ ಫೋನಿಲ್ಲ, ಸ್ವಪ್ನಳ ಫೋನು ಬರುವುದು ಬಾಲರಾಜನ ಕ್ಲಿನಿಕ್ಕಿಗೆ. ರಾಮಾಂಜನೇಯಪ್ಪನೇ ನಂಬರು ಕೊಟ್ಟು ಕಳಿಸಿದ್ದರು. ರಿಂಗಾದರೆ ಅವರು ಬಾಗಿಲಿಗೆ ಬಂದು, "ಮೊಳಕಾಲ್ಮೂರು ಸ್ಟಾಪ್! ಇಳೀರಿ ಇಳೀರಿ!" ಎಂದು ಕೂಗುತ್ತಾರೆ. ನಾನು ಒಲೆ ಆರಿಸಿ ಓಡುತ್ತೇನೆ. ಬಾಲರಾಜ ಎದ್ದು ಕುರ್ಚಿ ಕೊಡುತ್ತಾನೆ. ಸಣ್ಣ ಮುಖದ ಹುಡುಗ, ಅಮ್ಮ ಎನ್ನುತ್ತಾನೆ. ಅವನ ಮೇಜಿನ ಮೇಲೂ ಅದೇ ಕಂಪನಿಯ ಡೈರಿ ಇದೆ.

ಸ್ವಪ್ನ ಮೊದಲು ಕೇಳುವುದು ಒಂದೇ ಮಾತು. "ಯಾರಾದ್ರೂ ಬಂದಿದ್ರಾ ಅವ್ವ?"

ಇಲ್ಲ ಎನ್ನುತ್ತೇನೆ. ಆಮೇಲೆ ಅವಳ ಊಟದ ವಿಷಯ ಕೇಳುತ್ತೇನೆ. ಅಷ್ಟರಲ್ಲಿ ಹಿಂದಿನಿಂದ ಯಾರೋ "ಮೇಡಂ, ಮೇಡಂ" ಎಂದು ಕರೆಯುತ್ತಾರೆ, ಅವಳು ಹೋಗುತ್ತಾಳೆ.

ಮನೆಗೆ ಬಂದರೆ ಅವಳ ಚಪ್ಪಲಿಯ ಸದ್ದಿಲ್ಲ. ಇಲ್ಲಿದ್ದಾಗಲೂ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿ ಮಾತಾಡದೆ ಇರುತ್ತಿದ್ದವಳು ಅವಳು. ಈಗ ಮಾತಾಡದೆ ಇರಲೂ ಯಾರೂ ಇಲ್ಲ. ದಿನಕ್ಕೊಂದು ಸಲ ಕ್ಲಿನಿಕ್ಕಿನಲ್ಲಿ ಪೇಷಂಟು ಒರಗುವ ಆ ಉದ್ದನೆಯ ಕುರ್ಚಿಯ ಧೂಳು ಒರೆಸುತ್ತೇನೆ.

೫-೯-೨೦೦೧, ಬುಧವಾರ

ಇವತ್ತು ತುಂಬ ಬರೆಯುವುದಿದೆ.

ಆ ಹೊಸ ಕಾಲೇಜಿಗೆ ಅನುಮತಿ ಕೊಡುವ ತಪಾಸಣೆಯವರು ಬರುತ್ತಾರಂತೆ. ಅವರು ಬಂದಾಗ ಆಸ್ಪತ್ರೆ ತುಂಬ ರೋಗಿಗಳಿರಬೇಕಂತೆ. ಹಾಗಾಗಿ ಹೊಸದಾಗಿ ಸೇರಿದವರೆಲ್ಲ ತಮ್ಮೂರ ಕಡೆಯಿಂದ ಒಂದೊಂದು ಬಸ್ಸು ಜನ ಕರೆತರಬೇಕು ಎಂದಿದ್ದಾರೆ. ಬೆಳಗ್ಗೆ ಏಳಕ್ಕೇ ನಮ್ಮ ಬೀದಿಗೆ ಬಸ್ಸು ಬಂದು ನಿಂತಿತು. ಹಲ್ಲು ಪುಕ್ಕಟೆ ನೋಡುತ್ತಾರೆ, ಮಧ್ಯಾಹ್ನ ಊಟ, ವಾಪಸು ತಂದುಬಿಡುತ್ತಾರೆ. ಯರ್ರಮ್ಮ, ಅವಳ ನಾದಿನಿ, ಬೆಟ್ಟದಾಚೆ ಹಟ್ಟಿಯ ಕುರಿ ಕಾಯುವವರು, ಸಂತೆಯಲ್ಲಿ ಆಡಿಕೊಂಡ ಆ ಹೆಂಗಸು, ಎಲ್ಲರೂ ಹತ್ತಿದರು, ನಾನೂ ಹತ್ತಿದೆ. ರಸ್ತೆ ದಾಟಿ ಬರದವರು ಅಷ್ಟು ದೂರ ಹೊರಟರು.

ರಾಮಾಂಜನೇಯಪ್ಪ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕೂಡಿಸಿದರು. "ಖಾಲಿ ಬಸ್ಸು ತುಂಬಿಸೋ ವಿದ್ಯೆ ನಮ್ದೇ ಅಂದ್ಕೊಂಡಿದ್ದೆ ಅಕ್ಕಾ. ಕಾಲೇಜಿನೋರು ನಮಗಿಂತ ದೊಡ್ಡ ಕಂಡಕ್ಟರು" ಎಂದರು.

ಕಾಲೇಜು ಬಯಲಿನ ನಡುವೆ ಇದೆ, ಒಂದು ಕಡೆ ಇನ್ನೂ ಸುಣ್ಣ ಹೊಡೆದಿಲ್ಲ. ಒಳಗೆ ಒಂದೇ ಹಾಲಿನಲ್ಲಿ ಸಾಲಾಗಿ ಉದ್ದನೆಯ ಕುರ್ಚಿಗಳು. ನಮ್ಮಲ್ಲಿರುವ ಒಂದನ್ನೇ ದಿನವೂ ಒರೆಸುವವಳು ನಾನು. ಅಷ್ಟನ್ನು ಒಟ್ಟಿಗೆ ನೋಡಿ ಎಣಿಸಲು ಹೋದೆ, ಲೆಕ್ಕ ತಪ್ಪಿತು. ಪ್ರತಿ ಕುರ್ಚಿಗೂ ನಾಲ್ಕೈದು ಹುಡುಗ ಹುಡುಗಿಯರು ಬಿಳಿ ಕೋಟಿನಲ್ಲಿ ಮುತ್ತಿಕೊಂಡಿದ್ದರು. ಒಂದು ಬಾಯಿ ತೆರೆದರೆ ಹತ್ತು ಕಣ್ಣು.

ನನ್ನನ್ನೂ ಕೂಡಿಸಿದರು. ನನ್ನ ಪಾಲಿಗೆ ಬಂದವಳು ಪ್ರೇಮಲತಾ ಎಂಬ ಹುಡುಗಿ, ಕೈ ನಡುಗುತ್ತಿತ್ತು.

"ಹೆದರಬ್ಯಾಡವ್ವ, ಕಚ್ಚಲ್ಲ" ಅಂದೆ. ನಕ್ಕಳು. "ಓದು ಮುಗಿದ ಮೇಲೆ ಎಲ್ಲಿ ಶಾಪು ಹಾಕ್ತೀಯ?"

"ಇಲ್ಲ ಅಜ್ಜಿ, ಸ್ವಪ್ನ ಮೇಡಂ ಥರ ಟೀಚಿಂಗಿಗೆ ಹೋಗ್ತೀನಿ."

"ಎಲ್ಲರೂ ಹೇಳಿಕೊಡಾಕೇ ಹೋದ್ರೆ ಹಲ್ಲು ಕೀಳೋರು ಯಾರು?"

ಸುತ್ತ ನಿಂತವರೆಲ್ಲ ಜೋರಾಗಿ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಳಬಾರದಿತ್ತೇನೋ.

ಬಾಯಿ ತೆರೆದು ಕಣ್ಣು ಮುಚ್ಚಿಕೊಂಡೆ. ತಲೆಯ ಹಿಂದಿನಿಂದ ಒಂದು ದನಿ ಬಂತು. "ಕೈ ಹಾಗಲ್ಲ ಪ್ರೇಮಾ. ಕಿರುಬೆರಳನ್ನ ಪಕ್ಕದ ಹಲ್ಲಿನ ಮೇಲೆ ಊರು. ಆಗ ನಡುಗಲ್ಲ." ಆ ದನಿಯಲ್ಲಿ ಅವಸರವಿಲ್ಲ, ಅಳುಕಿಲ್ಲ. ನಮ್ಮ ಕೋಣೆಯಲ್ಲಿ ನಾನು ಕೇಳಿರದ ದನಿ. ಕಣ್ಣು ತೆರೆದೆ. ಸ್ವಪ್ನ ಆ ಹುಡುಗಿಯ ಮಣಿಕಟ್ಟು ಹಿಡಿದು ನನ್ನ ಬಾಯೊಳಗೆ ಬಾಗಿದ್ದಳು. ಹಲ್ಲು ನೋಡುತ್ತಿದ್ದವಳು ಮುಖ ನೋಡಿದಳು.

"ಅವ್ವ" ಅಂದಳು. "ಇನ್ನೂ ಸ್ವಲ್ಪ ಬಾಯಿ ತೆಗಿ."

ತೆಗೆದೆ. ಅವಳ ಬೆರಳು ನನ್ನ ತುಟಿ ಸರಿಸಿತು. ಮಗುವಾಗಿದ್ದಾಗ ಹಾಲುಹಲ್ಲು ಅಲ್ಲಾಡುತ್ತದೆ ಎಂದು ಓಡಿ ಬಂದು, ಇದೇ ಹುಡುಗಿ ನನ್ನ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದಳು. ನೀರು ಕಣ್ಣಿನಿಂದ ಕಿವಿಯ ಕಡೆಗೆ ಇಳಿಯಿತು.

"ನೋವಾಯ್ತಾ ಅಜ್ಜಿ?" ಎಂದಳು ಪ್ರೇಮಲತಾ, ಗಾಬರಿಯಿಂದ. ಬಾಯಿ ತೆರೆದಿದ್ದರಿಂದ ನನಗೆ ಹೇಳಲಾಗಲಿಲ್ಲ.

ಶಿಕ್ಷಕರ ದಿನವೆಂದು ಹುಡುಗರು ಅವಳಿಗೆ ಗುಲಾಬಿ ಕೊಟ್ಟಿದ್ದರು. ಕೋಟಿನ ಜೇಬಿನಲ್ಲಿ ಸಿಕ್ಕಿಸಿಕೊಂಡಿದ್ದಳು. ಕೆನ್ನೆ ತುಂಬಿಕೊಂಡಿದೆ. ಊಟಕ್ಕೆ ನನ್ನ ಪಕ್ಕ ಬಂದು ಕೂತು, "ಇವತ್ತು ಎಷ್ಟೊಂದು ಬಾಯಿ ನೋಡ್ದೆ ಗೊತ್ತಾ?" ಎಂದು ಹೇಳತೊಡಗಿದಳು. ಯಾರ ಹಲ್ಲು ಹೇಗೆ, ಯಾರ ದವಡೆಯಲ್ಲಿ ಏನು, ಕೈ ಆಡಿಸುತ್ತ ಹೇಳಿದ್ದೇ ಹೇಳಿದ್ದು. ನನಗೆ ಅರ್ಧ ತಿಳಿಯಲಿಲ್ಲ. ನಾನು ಆ ಕೈಯನ್ನೇ ನೋಡುತ್ತಿದ್ದೆ.

ಬಸ್ಸು ಹತ್ತುವಾಗ ಮತ್ತೆ ಹೇಳಿದಳು. "ಕ್ಲಿನಿಕ್ಕಿಗೆ ಯಾರಾದ್ರೂ ಬಂದ್ರೆ ತಕ್ಷಣ ಹೇಳು. ಮಾತು ಮಾತೇ. ನಾನು ಬರ್ತೀನಿ."

ಹೂಂ ಎಂದೆ.

೧೪-೯-೨೦೦೧, ಶುಕ್ರವಾರ

ದೀಪ ಹಚ್ಚಿದೆ. ಊರಿಗೆಲ್ಲ ರೋಗರುಜಿನ ತಪ್ಪಿಸು ಎಂದೆ. ಅನ್ನ ಮಾಡಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ನೋಡಬೇಕಾಯಿತು.

ರಾಮಾಂಜನೇಯಣ್ಣ ತಮ್ಮ ಹೊಲದ ಕಡಲೆಕಾಯಿ ಕೊಟ್ಟು ಕಳಿಸಿದ್ದಾರೆ. ಅವರ ಮಗನಿಗೂ ಜನವಿಲ್ಲ. ಆ ಹುಡುಗ ಕಿಟಕಿಯಲ್ಲಿ ಕೂತು ಬಸ್ಸಿನ ನಂಬರು ಓದುತ್ತಿರುತ್ತಾನೆ.

೨೦-೯-೨೦೦೧, ಗುರುವಾರ

ಬೆಳಗ್ಗೆ ಕಸ ಗುಡಿಸುತ್ತಿದ್ದೆ. ಇಬ್ಬರು ಹೆಂಗಸರು ಬಂದರು. ಒಬ್ಬಳು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಸೆರಗು ಸರಿಸಿದರೆ ಕೆನ್ನೆ ಬದನೆಕಾಯಿಯಂತೆ ಊದಿತ್ತು. ಹೆಸರು ಮೂಗಮ್ಮ. ಕರೆತಂದವಳು ಅವಳ ಓರಗಿತ್ತಿ, ಅವತ್ತು ನಮ್ಮ ಜೊತೆ ಬಸ್ಸಿನಲ್ಲಿ ಬಂದಿದ್ದ ಹಟ್ಟಿಯವಳು.

"ಅಮ್ಮಾ, ಹಲ್ಲಿನ ಡಾಕ್ಟ್ರಮ್ಮನ ಮನೆ ಇದೇ ಅಲ್ವಾ? ಆಯಮ್ಮನ ಕೈಗುಣ ನಾನು ಅವತ್ತು ಕಣ್ಣಾರೆ ನೋಡ್ದೆ. ಹಟ್ಟಿಗೆ ಹೋಗಿ ಎಲ್ಲರಿಗೂ ಹೇಳೀನಿ. ಇವಳು ಗಂಡಸ್ರ ಮುಂದೆ ಬಾಯಿ ತೆಗಿಯಲ್ಲ ಅಂತ ಮೂರು ದಿನದಿಂದ ಉಪವಾಸ ಕುಂತವ್ಳೆ. ಹೆಣ್ಣು ಡಾಕ್ಟ್ರು ಆದ್ರೆ ನಮ್ಮಲ್ಲಿ ಇನ್ನೂ ಅವ್ರೆ, ಎಲ್ಲರೂ ಬರ್ತಾರೆ."

ಕಸಬರಿಗೆ ಕೈಯಲ್ಲೇ ಇತ್ತು. ನಾನು ಫೆಬ್ರವರಿಯಿಂದ ಕಾದದ್ದು ಈ ಮಾತಿಗೆ.

ಬೆಂಚಿನ ಮೇಲೆ ಕೂಡಿಸಿದೆ. ನೀರು ಕೊಟ್ಟೆ, ಮೂಗಮ್ಮನಿಗೆ ನುಂಗಲಾಗಲಿಲ್ಲ. ಫೋನ್ ಮಾಡಿದರೆ ಸ್ವಪ್ನ ಸಂಜೆಯ ಬಸ್ಸಿಗೆ ಹೊರಡುತ್ತಾಳೆ. ಕೊಟ್ಟ ಮಾತು ತಪ್ಪುವವಳಲ್ಲ. ನಾಳೆ ಬೆಳಗ್ಗೆ ಈ ಕೋಣೆಯಲ್ಲಿ ಅವಳ ಚಪ್ಪಲಿಯ ಸದ್ದು ಇರುತ್ತದೆ. ಹಟ್ಟಿಯವರು ಬರುತ್ತಾರೆ. ಹಟ್ಟಿಯವರು ಮುಗಿದ ಮೇಲೆ? ಅದನ್ನೂ ಯೋಚಿಸಿದೆ.

ಮೂಗಮ್ಮ ನರಳಿದಳು. ನಾಳೆಯವರೆಗೆ ಇವಳು ತಡೆಯುವಂತಿರಲಿಲ್ಲ.

"ಡಾಕ್ಟ್ರಮ್ಮ ಇಲ್ಲಿಲ್ಲ ಕಣವ್ವ" ಅಂದೆ. "ಎದುರಿಗೆ ಒಬ್ಬ ಹುಡುಗ ಅವ್ನೆ. ನಮ್ಮ ಹುಡುಗ."

ಮೂಗಮ್ಮ ಒಲ್ಲೆ ಎಂದು ತಲೆಯಾಡಿಸಿದಳು. "ನಾನು ಜೊತೆಗೆ ಇರ್ತೀನಿ. ನೀನು ಕಣ್ಣು ಮುಚ್ಕೊ. ಅವನು ಏನು ಮಾಡ್ತಾನೆ ಅಂತ ನಾನು ನೋಡ್ತಿರ್ತೀನಿ" ಎಂದು ಕೈ ಹಿಡಿದು ಎಬ್ಬಿಸಿದೆ. ರಸ್ತೆ ದಾಟಿದೆವು. ರಾಮಾಂಜನೇಯಣ್ಣ ನಮ್ಮನ್ನು ನೋಡಿದವರೇ ಬೆಂಚಿನಿಂದ ಎದ್ದು, ಟವೆಲಿನಿಂದ ಬೆಂಚು ಒರೆಸಿದರು.

ಬಾಲರಾಜನಿಗೂ ಮೊದಲು ಕೈ ನಡುಗಿತು. ನಾನು ಮೂಗಮ್ಮನ ಕಣ್ಣಿನ ಮೇಲೆ ಸೆರಗು ಹಾಕಿ, ಎರಡೂ ಕೈ ಹಿಡಿದುಕೊಂಡು ನಿಂತೆ. "ಕಿರುಬೆರಳನ್ನ ಪಕ್ಕದ ಹಲ್ಲಿನ ಮೇಲೆ ಊರಪ್ಪ" ಎಂದು ಬಾಯಿಗೆ ಬಂದುಬಿಟ್ಟಿತು. ಅವನು ನನ್ನ ಮುಖ ನೋಡಿ, "ಗೊತ್ತಮ್ಮ" ಎಂದು ನಕ್ಕ. ಆಮೇಲೆ ಅವನ ಕೈ ನಡುಗಲಿಲ್ಲ. ಕೀವು ತೆಗೆದ. ಮಾತ್ರೆ ಕೊಟ್ಟು, ಬಾವು ಇಳಿದ ಮೇಲೆ ನಾಲ್ಕು ದಿನ ಬಿಟ್ಟು ಬಂದರೆ ಹಲ್ಲು ಕೀಳುತ್ತೇನೆ ಎಂದ.

ಮೂಗಮ್ಮ ಹತ್ತಿ ಕಚ್ಚಿಕೊಂಡು ಬೆಂಚಿನ ಮೇಲೆ ಕೂತಿರುವಾಗಲೇ ಫೋನು ಬಂತು.

"ಅವ್ವ, ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲ ಕಣವ್ವ."

"ಅಲ್ಲಿ ಹೆಂಗಸ್ರು ಮಾತಾಡಿದಂಗೈತೆ?"

"ಯರ್ರಮ್ಮ. ರಾಟೆ ತಗೊಂಡ್ ಬಂದವ್ಳೆ."

"ಹಂಗಾದ್ರೆ ಕಾಗದಕ್ಕೆ ಸೈ ಹಾಕ್ಬಿಡ್ಲಾ? ಕೇಳ್ತಾ ಅವ್ರೆ."

"ಹಾಕು."

"ನಿನಗೆ ಬೇಜಾರಿಲ್ವಾ?"

"ಊಟ ಮಾಡಿದ್ಯಾ?"

"ಹೂಂ. ಚಪಾತಿ."

"ಮುದ್ದೆ ಮಾಡಲ್ವಾ ಅಲ್ಲಿ?"

"ಇಲ್ಲ ಅವ್ವ" ಎಂದು ನಕ್ಕಳು. ಹಿಂದಿನಿಂದ ಯಾರೋ ಮೇಡಂ ಎಂದು ಕರೆದರು.

ಫೋನು ಕಟ್ಟಾದ ಮೇಲೂ ಕಿವಿಗೆ ಹಿಡಿದುಕೊಂಡೇ ಇದ್ದೆನಂತೆ. ರಾಮಾಂಜನೇಯಣ್ಣ ಬಂದು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿ ಕೆಳಗಿಟ್ಟರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಕಾಫಿ ತರಿಸ್ಲಾ ಅಕ್ಕಾ?" ಎಂದರು, ಅಷ್ಟೇ.

ಹೊರಗೆ ಮೂಗಮ್ಮ ನನ್ನ ಸೆರಗು ಹಿಡಿದು ಜಗ್ಗಿದಳು. ಹತ್ತಿ ಇದ್ದದ್ದರಿಂದ ಮಾತು ತೊದಲುತ್ತಿತ್ತು.

"ನಾಕು ದಿನ ಬಿಟ್ಟು ಬರ್ತೀನಮ್ಮ. ಅವತ್ತೂ ಕೈ ಹಿಡ್ಕೊಳ್ಳಾಕೆ ನೀನು ಇರ್ತೀಯಾ?"

ಇರ್ತೀನಿ ಎಂದೆ.